ಸೊಪ್ಪು ತಿಂದರೆ ಸಾಕೇ, ಯಾವ ಸೊಪ್ಪು?

ಕೇಳುಗರಿಗೆ ನಮಸ್ಕಾರ. ಮೂಳೆ ಗಟ್ಟಿಯಾಗಲು ಏನು ತಿನ್ನಬೇಕು ಅಂತ ಯಾರನ್ನೇ ಕೇಳಿ, ಪಾಲಕ್ ಅಂತಾರೆ. ನನಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ. ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದ್ದರೆ ಸಾಲದು, ಸೊಪ್ಪು ಅದನ್ನು ನಮಗೆ ಬಿಟ್ಟುಕೊಡಬೇಕು. ಇವತ್ತು ನಾನು ಹೇಳುವುದು ಇದೊಂದೇ.

ಪಾಲಕ್‌ನಲ್ಲಿ ಆಕ್ಸಲೇಟ್ ಅನ್ನುವ ವಸ್ತು ಜಾಸ್ತಿ. ಅದು ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಹರಳಾಗುತ್ತದೆ, ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಹಾಲಿನ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಸುಮಾರು 30 ಭಾಗ ಮೈಗೆ ಸೇರಿದರೆ, ಪಾಲಕ್‌ನದು ಸುಮಾರು 5 ಅಷ್ಟೇ.

ಮಲ್ಲೇಶ್ವರದ ಒಬ್ಬರು ಹಿರಿಯರು ನನ್ನ ಹತ್ತಿರ ಬಂದಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದಿತ್ತು. ಹಾಲು ಒಗ್ಗುವುದಿಲ್ಲ. "ಮೇಡಂ, ದಿನಾ ಪಾಲಕ್ ತಿಂತೀನಲ್ಲ, ಮತ್ಯಾಕೆ ಹೀಗಾಯ್ತು?" ಅಂದರು. ಬೆಳಗ್ಗೆ ಪಾಲಕ್ ಜ್ಯೂಸ್, ಮಧ್ಯಾಹ್ನ ಪಾಲಕ್ ತೊವ್ವೆ, ರಾತ್ರಿ ಚಪಾತಿ ಹಿಟ್ಟಿಗೂ ಅದೇ, ಪಾಪ ಸೊಸೆ ಬೇಸರವಿಲ್ಲದೆ ಮಾಡಿಕೊಡುತ್ತಿದ್ದರಂತೆ. ನವಿಲುಕೋಸು ತರ್ತೀರಾ ಅಂತ ಕೇಳಿದೆ. "ತರ್ತೀವಿ, ಸೊಪ್ಪನ್ನ ಮಾತ್ರ ಅಂಗಡಿಯವನೇ ಮುರಿದು ಹಾಕ್ತಾನೆ, ಹಸುವಿಗೆ ಅಂತ." ನನಗೆ ತಡೆಯಲಾಗಲಿಲ್ಲ. "ಅಮ್ಮಾ, ನಿಮಗೆ ಬೇಕಾಗಿರೋದು ಆ ಸೊಪ್ಪೇ!" ಅಂದೆ. ಕೋಸು, ಮೂಲಂಗಿ, ಸಾಸಿವೆ ಎಲ್ಲ ಒಂದೇ ಬಳಗ. ಇವುಗಳ ಸೊಪ್ಪಿನಲ್ಲಿ ಆಕ್ಸಲೇಟ್ ಕಡಿಮೆ, ಹಾಗಾಗಿ ಕ್ಯಾಲ್ಸಿಯಂ ಸಲೀಸಾಗಿ ಮೈಗೆ ಸೇರುತ್ತದೆ. ಮುಂದಿನ ಸಲ ಬಂದಾಗ ಅವರ ಮುಖ ಅರಳಿತ್ತು. ಅಂಗಡಿಯವನು ದುಡ್ಡೇ ತೆಗೆದುಕೊಳ್ಳದೆ ಚೀಲದ ತುಂಬಾ ಸೊಪ್ಪು ಕೊಟ್ಟನಂತೆ, ಸೊಸೆ ಕಾಯಿತುರಿ ಹಾಕಿ ಪಲ್ಯ ಮಾಡಿದರಂತೆ, ಮೊಮ್ಮಗ ಮತ್ತೆ ಬಡಿಸಿಕೊಂಡನಂತೆ.

ಹಾಗಂತ ಪಾಲಕ್ ಬಿಡಬೇಡಿ, ಅದರಲ್ಲಿ ಬೇರೆ ಒಳ್ಳೆಯದಿದೆ. ಬೇಯಿಸಿ ನೀರು ಬಸಿದರೆ ಆಕ್ಸಲೇಟ್ ಸ್ವಲ್ಪ ಹೋಗುತ್ತದೆ. ಹಸಿ ಜ್ಯೂಸ್ ಮಾತ್ರ ದಯವಿಟ್ಟು ಬೇಡ. ದಂಟಿನ ಸೊಪ್ಪಿನಲ್ಲೂ ಆಕ್ಸಲೇಟ್ ಇದೆ, ಕ್ಯಾಲ್ಸಿಯಂಗೆ ಅದೊಂದನ್ನೇ ನಂಬಿ ಕೂರಬೇಡಿ.

ಇನ್ನು ರಾಗಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ದೊಡ್ಡವರಿಗೆ ದಿನಕ್ಕೆ ಬೇಕಾಗಿರುವುದು ಸುಮಾರು 1000 ಮಿಲಿಗ್ರಾಂ. ಆದರೆ ಇಲ್ಲೂ ಹಿಡಿದಿಟ್ಟುಕೊಳ್ಳುವ ವಸ್ತು ಇದೆ, ಫೈಟೇಟ್ ಅಂತ. ರಾಗಿಯನ್ನು ನೆನೆಸಿ ಮೊಳಕೆ ಬರಿಸಿ ಹಿಟ್ಟು ಮಾಡಿದರೆ, ಇಲ್ಲವೇ ಅಂಬಲಿಯನ್ನು ಹುಳಿ ಬರಲು ಬಿಟ್ಟರೆ, ಅದು ಕಡಿಮೆಯಾಗುತ್ತದೆ. ಮಕ್ಕಳಿಗೆ ರಾಗಿ ಸರಿ ಮಾಡಲು ರಾಗಿಯನ್ನು ಮೊಳಕೆ ಕಟ್ಟುತ್ತೇವಲ್ಲ, ಅದನ್ನೇ ದೊಡ್ಡವರಿಗೂ ಮಾಡಿ.

ಸಮಯ ಆಗುತ್ತಾ ಬಂತು, ಸೋಯಾ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಇಳಿದು ಮೂಳೆ ಬೇಗ ಸವೆಯುತ್ತದೆ. ಸೋಯಾದಲ್ಲಿರುವ ಐಸೋಫ್ಲೇವೋನ್ ಅನ್ನುವ ವಸ್ತು ಆ ಹಾರ್ಮೋನನ್ನು ತುಸು ಹೋಲುತ್ತದೆ, ಹಾಗಾಗಿ ಮೂಳೆಗೆ ಸ್ವಲ್ಪ ಆಸರೆಯಾಗಬಹುದು. ತೋಫು, ಅಂದರೆ ಸೋಯಾ ಪನೀರ್, ಕೊಳ್ಳುವಾಗ ಕ್ಯಾಲ್ಸಿಯಂ ಹಾಕಿ ಗಟ್ಟಿ ಮಾಡಿದ್ದಾ ಅಂತ ಪ್ಯಾಕೆಟ್ ಓದಿ. ಡಾಕ್ಟರು ಮೂಳೆಗೆ ಮಾತ್ರೆ ಬರೆದಿದ್ದರೆ ಅದನ್ನು ನಿಲ್ಲಿಸಬೇಡಿ. ನಮಸ್ಕಾರ.