ಬಿತ್ತನೆಗೆ ಎತ್ತಿಟ್ಟ ಕೋಶಗಳು

ಎಲ್ಲರಿಗೂ ನಮಸ್ಕಾರ.

ಒಂದು ಕೋಳಿಮೊಟ್ಟೆಯಿಂದ ಶುರು ಮಾಡುತ್ತೇನೆ. ಎರಡು ದಿನ ಕಾವು ಕೊಟ್ಟ ಮೊಟ್ಟೆ. ಚಿಪ್ಪಿನಲ್ಲಿ ಪುಟ್ಟ ಕಿಟಕಿ ಕತ್ತರಿಸಿ ಒಳಗೆ ನೋಡಿದರೆ, ಹಳದಿಯ ಮೇಲೆ ಅರ್ಧ ಸೆಂಟಿಮೀಟರ್ ಆಸುಪಾಸಿನ ಭ್ರೂಣ ಮಲಗಿರುತ್ತದೆ. ಸರಿಯಾಗಿ ಕಾಣಲಿ ಅಂತ ಅದರ ಅಡಿಗೆ ಸೂಜಿಯಿಂದ ಸ್ವಲ್ಪ ಕಪ್ಪು ಶಾಯಿ ಬಿಡುತ್ತಾರೆ. ಆಗ ಬೆನ್ನಿನ ಎರಡೂ ಬದಿಗೆ ಸಾಲಾಗಿ ಪೋಣಿಸಿಟ್ಟ ಹಾಗೆ ಪುಟ್ಟ ಗಂಟುಗಳು ಎದ್ದು ಕಾಣುತ್ತವೆ. ಇವೇ ಸೋಮೈಟ್‌ಗಳು. ಕೋಳಿಯಲ್ಲಿ ಸುಮಾರು 90 ನಿಮಿಷಕ್ಕೊಂದು ಹೊಸ ಜೋಡಿ ಮೂಡುತ್ತದೆ. ನಮಗೂ ತಾಯಿಯ ಹೊಟ್ಟೆಯಲ್ಲಿ ಮೂರನೇ ವಾರದ ಕೊನೆಗೆ ಇವು ಬರಲು ಶುರುವಾಗುತ್ತವೆ. ಇವತ್ತು ನಿಮ್ಮ ಮೀನಖಂಡದಲ್ಲಿ ಸುಮ್ನೆ ಮಲಗಿರುವ ರಿಪೇರಿ ಕೋಶಗಳ ತವರುಮನೆ ಈ ಗಂಟುಗಳೇ.

ಆ ಕೋಶ ಕಣ್ಣಿಗೆ ಬಿದ್ದಿದ್ದು 1961ರಲ್ಲಿ. ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡರ್ ಮಾರೊ ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಸ್ನಾಯುವಿನ ಎಳೆಗೆ ಒಂದು ಪೊರೆ, ಅದರ ಹೊರಗೆ ಇನ್ನೊಂದು ತೆಳು ಹೊದಿಕೆ. ಎರಡರ ಸಂದಿನಲ್ಲಿ ಚಪ್ಪಟೆಯಾಗಿ ಒತ್ತಿಕೊಂಡು ಒಂದು ಕೋಶ ಕೂತಿತ್ತು. ಎಳೆಯ ಪಕ್ಕವನ್ನು ಬಿಡದೆ ಇರುವುದರಿಂದ ಅದಕ್ಕೆ ಸ್ಯಾಟಲೈಟ್ ಸೆಲ್, ಅಂದರೆ ಉಪಗ್ರಹ ಕೋಶ ಎಂದರು. ಸ್ನಾಯು ಹರಿದಾಗ ಇದೇ ಎದ್ದು, ಒಂದು ಎರಡಾಗಿ, ಎರಡು ನಾಲ್ಕಾಗಿ, ಹೊಸ ಎಳೆ ಕಟ್ಟುತ್ತದೆ. 2011ರಲ್ಲಿ ಇಲಿಗಳಲ್ಲಿ ಈ ಕೋಶಗಳನ್ನು ಇಲ್ಲವಾಗಿಸಿ ನೋಡಿದರು. ಗಾಯವಾದ ಸ್ನಾಯು ಮತ್ತೆ ಬೆಳೆಯಲೇ ಇಲ್ಲ.

ಸರಿ, ಇದು ಬಂದಿದ್ದು ಎಲ್ಲಿಂದ? ಭ್ರೂಣದ ಒಳಗೆ ಕೋಶಗಳು ಸದಾ ಓಡಾಡುತ್ತವೆ. ಯಾವುದು ಎಲ್ಲಿಂದ ಹೊರಟಿತು ಅಂತ ಹೇಳುವುದು ಜಾತ್ರೆಯಲ್ಲಿ ಯಾರು ಯಾವ ಊರಿನವರು ಅಂತ ಹೇಳಿದಷ್ಟೇ ಕಷ್ಟ, ಅಲ್ವಾ?

ದಾರಿ ತೋರಿಸಿದ್ದು ಕ್ವೇಲ್ ಹಕ್ಕಿ. ಫ್ರಾನ್ಸಿನ ನಿಕೋಲ್ ಲ ದುಆರಾಂ 1969ರಲ್ಲಿ ಬರೆದ ಸಣ್ಣ ಸಂಗತಿಯೊಂದು ನನಗೆ ಇವತ್ತಿಗೂ ಪುಳಕ ತರುತ್ತದೆ. ಕ್ವೇಲ್ ಕೋಶಕ್ಕೆ ಬಣ್ಣ ಹಾಕಿದರೆ, ಕೋಶಕೇಂದ್ರದೊಳಗೆ ಕುಂಕುಮದ ಬೊಟ್ಟಿನ ಹಾಗೆ ಒಂದು ಗಾಢ ಚುಕ್ಕೆ ಕಾಣುತ್ತದೆ. ಕೋಳಿಯ ಕೋಶದಲ್ಲಿ ಆ ಬೊಟ್ಟು ಇಲ್ಲ. ಹಾಗಿದ್ದರೆ ಕೋಳಿ ಭ್ರೂಣದ ಸೋಮೈಟ್ ತೆಗೆದು ಅಲ್ಲಿಗೆ ಕ್ವೇಲ್ ಸೋಮೈಟ್ ಕೂರಿಸಿದರಾಯಿತು. ಮೊಟ್ಟೆಗೆ ಟೇಪು ಅಂಟಿಸಿ ಕಾಯಬೇಕು, ಆಮೇಲೆ ಬೊಟ್ಟು ಎಲ್ಲೆಲ್ಲಿದೆ ಅಂತ ಹುಡುಕಬೇಕು. ಹೀಗೆ 1970ರ ದಶಕದಲ್ಲಿ ರೆಕ್ಕೆ, ಕಾಲುಗಳ ಸ್ನಾಯು ಸೋಮೈಟ್‌ನಿಂದ ನಡೆದು ಬಂದಿದ್ದು ಎಂದು ಗೊತ್ತಾಯಿತು. 1983ರಲ್ಲಿ ಉಪಗ್ರಹ ಕೋಶಗಳಲ್ಲೂ ಅದೇ ಬೊಟ್ಟು ಸಿಕ್ಕಿತು.

ಅಷ್ಟಕ್ಕೇ ಮುಗಿಯಲಿಲ್ಲ. 1999ರಲ್ಲಿ ಇಲಿ ಭ್ರೂಣದ ಮಹಾಪಧಮನಿಯಿಂದ ತೆಗೆದ ಕೋಶಗಳೂ ಸ್ನಾಯುವಾದವು. ಹಾಗಾದರೆ ತವರು ರಕ್ತನಾಳದ್ದಾ ಎಂಬ ಅನುಮಾನ ಎದ್ದಿತು. 2005ರಲ್ಲಿ ಉತ್ತರ ಬಂತು. ಫ್ರಾನ್ಸಿನ ಮಾರ್ಸೇ ನಗರದ ಕ್ರಿಸ್ಟೋಫ್ ಮಾರ್ಸೆಲ್ ತಂಡ ಕೋಳಿಯ ಸೋಮೈಟ್‌ನ ಮೇಲ್ಪದರದ ಕೋಶಗಳಿಗೆ ಹಸಿರಾಗಿ ಹೊಳೆಯುವ ಪ್ರೋಟೀನಿನ ಗುರುತು ಹಾಕಿತು. ಪ್ಯಾರಿಸ್‌ನ ಮಾರ್ಗರೆಟ್ ಬಕಿಂಗ್‌ಹ್ಯಾಮ್ ತಂಡ ಇಲಿಯಲ್ಲಿ ಪ್ಯಾಕ್ಸ್3, ಪ್ಯಾಕ್ಸ್7 ಎಂಬ ಜೀನ್‌ಗಳ ಜಾಡು ಹಿಡಿಯಿತು. ಇಬ್ಬರೂ ತಲುಪಿದ್ದು ಒಂದೇ ಕಡೆಗೆ. ಮೇಲ್ಪದರದ ನಡುಭಾಗ ಒಡೆದು, ಅಲ್ಲಿನ ಕೋಶಗಳು ಆಗತಾನೇ ರೂಪುಗೊಳ್ಳುತ್ತಿರುವ ಸ್ನಾಯುವಿನೊಳಗೆ ಇಳಿಯುತ್ತವೆ. ಅದೇ ಗುಂಪಿನ ಜಾಸ್ತಿ ಪಾಲು ಎಳೆಯಾಗುತ್ತದೆ. ಉಳಿದಿದ್ದು ಹಾಗೇ ಉಳಿಯುತ್ತದೆ.

ನಾನು ಇವತ್ತು ಒತ್ತಿ ಹೇಳಬೇಕಾದ ಮಾತು ಇದೇ. ರಿಪೇರಿ ಕೋಶ ಆಮೇಲೆ ಹೊರಗಿನಿಂದ ಬಂದದ್ದಲ್ಲ. ಸ್ನಾಯು ಕಟ್ಟಿದ ಕೋಶಗಳ ಒಡಹುಟ್ಟು ಅದು, ಕೆಲಸಕ್ಕೆ ಹಚ್ಚದೆ ಉಳಿಸಿಕೊಂಡದ್ದು. ಸುಗ್ಗಿಯಾದ ಮೇಲೆ ಎಲ್ಲ ರಾಗಿಯನ್ನೂ ಬೀಸಿಬಿಡುವುದಿಲ್ಲ ನಮ್ಮ ಮನೆಗಳಲ್ಲಿ. ಒಂದು ಪಾಲನ್ನು ಬಿತ್ತನೆಗೆ ಎತ್ತಿಡುತ್ತಾರೆ. ಆದರೆ ಎತ್ತಿಟ್ಟ ಕಾಳು ಮೊಳೆಯದ ಹಾಗೆ ಕಾಯಬೇಕು. ಇಲ್ಲಿ ಕಾಯುವ ಕೆಲಸ ನಾಚ್ ಎಂಬ ಸಂಕೇತದ್ದು. ಪಕ್ಕದ ಕೋಶವೇ ಮುಟ್ಟಿ ‘ನೀನು ಈಗಲೇ ಸ್ನಾಯುವಾಗಬೇಡ’ ಎಂದು ತಡೆಯುತ್ತದೆ. ಇಲಿ ಭ್ರೂಣದಲ್ಲಿ ಆ ಸಂಕೇತ ಕೆಡಿಸಿದರೆ ಕೋಶಗಳೆಲ್ಲ ಅವಸರದಲ್ಲಿ ಸ್ನಾಯುವಾಗಿ, ಬಿತ್ತನೆಯ ಪಾಲು ಖಾಲಿಯಾಗುತ್ತದೆ. ಸ್ನಾಯು ಕೂಡ ಕಿರಿದಾಗೇ ಉಳಿಯುತ್ತದೆ. ಎಲ್ಲ ಸರಿಯಿದ್ದರೆ, ಹುಟ್ಟುವ ಮುಂಚಿನ ಕೊನೆಯ ದಿನಗಳಲ್ಲಿ ಇವು ಎಳೆಯ ಹೊದಿಕೆಯೊಳಗೆ ನುಸುಳಿ, ಮಾರೊ ಕಂಡ ಆ ಸಂದಿಯಲ್ಲಿ ಕೂರುತ್ತವೆ.

ತಲೆಯ ಕತೆ ಬೇರೆ. ಕಣ್ಣು ಹೊರಳಿಸುವ, ಆಹಾರ ಅಗಿಯುವ ಸ್ನಾಯುಗಳ ಉಪಗ್ರಹ ಕೋಶಗಳು ಸೋಮೈಟ್‌ನಿಂದ ಬರುವುದಿಲ್ಲ. ಅವುಗಳ ಮೂಲ ತಲೆಯಲ್ಲೇ ಇರುವ ಇನ್ನೊಂದು ಕೋಶಪದರ. 2009ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಿಂದ ಬಂದ ಅಧ್ಯಯನವೊಂದು ಇದನ್ನು ತೋರಿಸಿತು. ಅದರ ಮೊದಲ ಲೇಖಕ ರಾಮ್‌ಕುಮಾರ್ ಸಂಬಶಿವನ್ ಮುಂದೆ ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಎಂಬ ಕಾಂಡಕೋಶ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಆ ಅಧ್ಯಯನದಲ್ಲಿ ಕಣ್ಣಿನ ಸ್ನಾಯುವಿನ ಉಪಗ್ರಹ ಕೋಶಗಳನ್ನು ಇಲಿಯ ಕಾಲಿಗೆ ಹಾಕಿದಾಗ, ಅವು ಅಲ್ಲಿನ ಗಾಯವನ್ನು ಚೆನ್ನಾಗಿಯೇ ರಿಪೇರಿ ಮಾಡಿದವು. ಊರು ಬದಲಾದರೂ ಕಸುಬು ಮರೆಯಲಿಲ್ಲ.

ಇದು ಯಾಕೆ ಮುಖ್ಯ ಅಂದರೆ, ಡುಶೆನ್ ಎಂಬ ಸ್ನಾಯುಕ್ಷಯ ಇರುವ ಹುಡುಗನಿಗೆ ಮೊದಲು ಸೊಂಟ, ತೊಡೆ ಸೋಲುತ್ತವೆ. ನೆಲದಿಂದ ಏಳಲು ಅವನು ತನ್ನ ಮಂಡಿ, ತೊಡೆಗಳ ಮೇಲೇ ಕೈಯೂರಿ ಮೇಲೇರಬೇಕು. ಕೊನೆಗೆ ಕುರ್ಚಿ ಬಿಟ್ಟು ಏಳಲಾಗದಿದ್ದರೂ, ಕೋಣೆಗೆ ಅಮ್ಮ ಬಂದರೆ ಅವನ ಕಣ್ಣು ಮಾತ್ರ ಸಲೀಸಾಗಿ ಅವಳತ್ತ ಹೊರಳುತ್ತದೆ. ಕಾಯಿಲೆ ಆ ಸ್ನಾಯುಗಳನ್ನು ಮುಟ್ಟದೆ ಬಿಡುವುದರಲ್ಲಿ ಅವುಗಳ ಬೇರೆ ತವರಿನ ಪಾಲು ಎಷ್ಟು ಎಂದು ಪ್ರಯೋಗಾಲಯಗಳು ಈಗ ಹುಡುಕುತ್ತಿವೆ.