ನೀರು ಗುಡ್ಡ ಹತ್ತುತ್ತದಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ಜನವರಿಯಲ್ಲಿ, ಕಾಫಿ ಕೊಯ್ಲಿನ ಸಮಯ, ವಿರಾಜಪೇಟೆ ಕಡೆ ಪರಿಚಯದವರ ತೋಟಕ್ಕೆ ಹೋಗಿದ್ದೆ. ತೋಟದ ರೈಟರ್, ಅಂದರೆ ಅಲ್ಲಿನ ಕೆಲಸ, ಲೆಕ್ಕ ನೋಡಿಕೊಳ್ಳುವವರು, ಒಂದು ಉದ್ದನೆಯ ಕಂದಕ ತೋರಿಸಿದರು. ಎರಡಾಳು ಆಳ. ಒಂದು ಬದಿಗೆ ಮಣ್ಣಿನ ದಿಬ್ಬ, ದಿಬ್ಬದ ಮೇಲೆ ದೊಡ್ಡ ಹಲಸಿನ ಮರ. "ರಾಜರ ಕಾಲದ ಕಾಲುವೆ ಸಾರ್" ಅಂದರು. ನಾನೂ ನಂಬಿದೆ. ಆದರೆ ಅದರೊಳಗೇ ನಡೆಯುತ್ತಾ ಹೋದರೆ ಅದು ಗುಡ್ಡ ಹತ್ತಿತು, ನೆತ್ತಿ ದಾಟಿತು, ಆ ಕಡೆ ಇಳಿಯಿತು. ನೀರು ಗುಡ್ಡ ಹತ್ತುತ್ತದಾ?

ಮನೆಗೆ ಬಂದವನೇ ಸರ್ವೇ ಆಫ್ ಇಂಡಿಯಾದ ಹಳೇ ನಕ್ಷೆಯ ಹಾಳೆ ಹರಡಿ ಕೂತೆ. ಒಂದು ಇಂಚಿಗೆ ಒಂದು ಮೈಲಿ ಲೆಕ್ಕದ್ದು. ಕೊಡಗಿನ ಬಹುಪಾಲು 48 ಪಿ ಅನ್ನುವ ಭಾಗದಲ್ಲಿ ಸಿಗುತ್ತದೆ. ಹಳೆಯದರಲ್ಲಿ ಹುಡುಕುವಾಗ ಹೆಸರು ನೆನಪಿರಲಿ, ಮಡಿಕೇರಿ ಅಲ್ಲಿ ಮರ್ಕರಾ, ಕುಶಾಲನಗರ ಫ್ರೇಸರ್‌ಪೇಟೆ. ಈ ಹಾಳೆಗಳಲ್ಲಿ ನನಗೆ ತುಂಬಾ ಇಷ್ಟವಾಗೋದು ಸುರುಳಿ ಸುರುಳಿಯಾದ ಕಂದು ಗೆರೆಗಳು. ಒಂದು ಗೆರೆಯ ಉದ್ದಕ್ಕೂ ನೆಲ ಒಂದೇ ಎತ್ತರ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಜಾಗ ಅಂತ ಅರ್ಥ.

ನಿಜವಾದ ನಾಲೆ ಹೇಗಿರುತ್ತದೆ ಅನ್ನೋದಕ್ಕೆ ಈಗ ಕುಶಾಲನಗರದ ಹತ್ತಿರದ ಹಾರಂಗಿ ನೋಡಿ. ಅಣೆಕಟ್ಟೆ ಮುಗಿದದ್ದು 1982ರಲ್ಲಿ, ಹಾಗಾಗಿ ಅದಕ್ಕೂ ಹಿಂದಿನ ಹಾಳೆಯಲ್ಲಿ ಅಲ್ಲಿ ಬರೀ ಹೊಳೆ. ಹೊಸ ಹಾಳೆಯಲ್ಲಿ ಎಡದಂಡೆ, ಬಲದಂಡೆ ನಾಲೆಗಳ ನೀಲಿ ಗೆರೆ ಬರುತ್ತದೆ, ಅದು ಕಂದು ಗೆರೆಯನ್ನು ಬಿಟ್ಟೂ ಬಿಡದೆ ಅದರ ಪಕ್ಕಪಕ್ಕದಲ್ಲೇ ಬಳುಕುತ್ತಾ, ಒಂಚೂರೇ ಇಳಿಯುತ್ತಾ ಹೋಗುತ್ತದೆ. ನಾಲೆ ಯಾವತ್ತೂ ಹೀಗೇ. ನಮ್ಮ ಕಂದಕ ಹಾಗಿಲ್ಲ, ಕಂದು ಗೆರೆಗಳನ್ನು ಕತ್ತರಿಸಿಕೊಂಡೇ ಹೋಗಿದೆ.

ಹಾಗಾದರೆ ರೈಲಿಗೆ ಅಂತ ಅಗೆದದ್ದಾ? ಕೊಡಗಿನಲ್ಲಿ ಹಳಿ ಇಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಯಾಕಿಲ್ಲ ಅನ್ನೋದಕ್ಕೆ ಒಂದು ಕಾರಣ ಈ ಹಾಳೆಯಲ್ಲೇ ಇದೆ, ಸುಮ್ನೆ ಕೂತು ಎಣಿಸಿ. ಮಡಿಕೇರಿಯಿಂದ ಸಂಪಾಜೆಗೆ ಮೂವತ್ತು ಕಿಲೋಮೀಟರಿನ ಒಳಗೇ ದಾರಿ ಹೆಚ್ಚುಕಡಿಮೆ ಸಾವಿರ ಮೀಟರ್ ಇಳಿಯುತ್ತದೆ. ನಮ್ಮ ಪಕ್ಕದ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಹಳಿಯ ಇಳಿಜಾರು 50ಕ್ಕೆ 1, ಅಂದರೆ ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಯೋದು. ಅಷ್ಟು ಮಾಡೋದಕ್ಕೇ ಅಲ್ಲಿ 57 ಸುರಂಗ ಕೊರೆದಿದ್ದಾರೆ. ಅದೇ ಲೆಕ್ಕ ಸಂಪಾಜೆಗೆ ಹಾಕಿದರೆ ಐವತ್ತು ಕಿಲೋಮೀಟರ್ ಹಳಿ ಬೇಕು, ರಸ್ತೆಯ ಎರಡರಷ್ಟು ಹತ್ತಿರ ಹತ್ತಿರ, ಅದೂ ಮಳೆಗೆ ಗುಡ್ಡದ ಬರೆ ಜರಿಯುವ ಜಾಗದಲ್ಲಿ. ಮೈಸೂರಿನಿಂದ ಕುಶಾಲನಗರದವರೆಗೆ ಮಾತ್ರ ರೈಲಿನ ಮಾತು ಮತ್ತೆ ಮತ್ತೆ ಬರೋದು ಸುಮ್ಮನೆ ಅಲ್ಲ, ಆ ಕಡೆ ಕಂದು ಗೆರೆಗಳು ದೂರ ದೂರ ಇವೆ. ಇಷ್ಟು ನೋಡಿದ ಮೇಲೆ, ನೆಟ್ಟಗೆ ಗುಡ್ಡ ಏರುವ ಆ ಕಂದಕ ರೈಲಿನದ್ದಾಗೋಕೆ ಸಾಧ್ಯವೇ ಇಲ್ಲ, ಅಲ್ವಾ?

ಅದು ಕಡಂಗ. ನಾಡು ನಾಡಿನ ಗಡಿಗೆ, ಕಾವಲಿಗೆ, ಯುದ್ಧಕ್ಕೆ ಅಂತ ಹಿಂದಿನವರು ತೋಡಿದ ಕಂದಕ. ಕೆಲವು ಮೈಲಿಗಟ್ಟಲೆ ಇವೆ. ವಿರಾಜಪೇಟೆ ಹತ್ತಿರ ಕಡಂಗ ಅಂತ ಊರೇ ಇದೆ. ಶತ್ರುವನ್ನು ತಡೆಯಲು ತೋಡಿದ್ದು ಗುಡ್ಡ ಹತ್ತಲೇಬೇಕಲ್ಲ.

ನಿಮ್ಮ ಊರಿನ ಹಾಳೆ ನೋಡಬೇಕಾದರೆ ಸರ್ವೇ ಆಫ್ ಇಂಡಿಯಾದ ನಕ್ಷೆ ಪೋರ್ಟಲ್‌ನಲ್ಲಿ ಹೊಸ ಹಾಳೆ ಪುಕ್ಕಟೆ ಸಿಗುತ್ತವೆ. 1950ರ ದಶಕದಲ್ಲಿ ಅಮೆರಿಕದ ಸೈನ್ಯ ಮಾಡಿಸಿದ ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ತಾಣದಲ್ಲಿವೆ, ಆದರೆ ಅವು ಚಿಕ್ಕ ಅಳತೆಯವು, ತೋಟದೊಳಗಿನ ವಿವರ ಸಿಗಲ್ಲ.

ನನ್ನ ಹತ್ತಿರದ ಎರಡೂ ಹಾಳೆಗಳಲ್ಲಿ ಆ ಕಡಂಗ ಇರಲಿಲ್ಲ. ಮಾರ್ಚಿನಲ್ಲಿ ಮತ್ತೆ ಹೋಗಿ, ರೈಟರ್ ಜೊತೆ ಈ ತುದಿಯಿಂದ ಆ ತುದಿಗೆ ನಡೆದು, ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಬಂದೆ. ಪಕ್ಕದ ತೋಟದಲ್ಲಿ ಅದರ ಒಂದು ತುಂಡನ್ನು ಜೆಸಿಬಿ ಆಗಲೇ ಮುಚ್ಚಿತ್ತು, ಮೇಲೆ ಹೊಸ ಕಾಫಿ ಗಿಡ ನೆಟ್ಟಿದ್ದರು. ನಿಮ್ಮ ತೋಟದಲ್ಲೂ ಇಂಥದ್ದಿದ್ದರೆ, ದಯವಿಟ್ಟು, ಮಣ್ಣು ತುಂಬುವ ಮೊದಲು ಒಂದು ಸಲ ನಡೆದು ಗೆರೆ ಎಳೆದಿಟ್ಟುಕೊಳ್ಳಿ.

ನಮಸ್ಕಾರ.