ಪೊಟ್ಟಣದ ಮೇಲಿನ ಕೊಡಗು

ಕೇಳುಗರಿಗೆಲ್ಲ ನಮಸ್ಕಾರ.

ಹೋದ ತಿಂಗಳು ಬೆಂಗಳೂರಿಗೆ ಮಗಳ ಮನೆಗೆ ಹೋಗಿದ್ದೆ. ಅಲ್ಲಿ ಒಂದು ಅಂಗಡಿಯಲ್ಲಿ 'ಕೂರ್ಗ್ ಕಾಫಿ' ಅಂತ ದಪ್ಪ ಅಕ್ಷರದ ಪೊಟ್ಟಣ ಕಂಡಿತು. ಊರಿನ ಹೆಸರು ನೋಡಿ ಕೈ ತಾನಾಗಿ ಅತ್ತ ಹೋಯಿತು. ತಿರುಗಿಸಿ ಓದಿದೆ. ಹತ್ತಿರ ಹತ್ತಿರ ಅರ್ಧ ಚಿಕೋರಿ. ಉಳಿದ ಕಾಫಿ ಯಾವ ಜಿಲ್ಲೆಯದ್ದು ಅಂತ ಒಂದು ಮಾತೂ ಇಲ್ಲ. ಚಿಕೋರಿ ಬೆರೆಸಿದ್ದು ತಪ್ಪಲ್ಲ, ನೂರಕ್ಕೆ 49 ಭಾಗದವರೆಗೆ ಕಾನೂನೇ ಒಪ್ಪುತ್ತದೆ. ನನಗೆ ನೋವಾದದ್ದು ಆ ಹೆಸರಿನ ಬಗ್ಗೆ. ಕುಯ್ಲಿನ ಹೊತ್ತಲ್ಲಿ ಅಕಾಲ ಮಳೆ ಬಂದರೆ ನಡುರಾತ್ರಿ ಎದ್ದು ಕಣಕ್ಕೆ ಓಡಿ ಕಾಫಿಗೆ ಟಾರ್ಪಾಲು ಮುಚ್ಚುವವರು ನಾವು, ಅಲ್ವಾ?

ನಮ್ಮ ಕಾಫಿಗೆ ಜಿಐ ಟ್ಯಾಗ್, ಅಂದರೆ ಇಂಥ ಊರಿನದ್ದೇ ಅಂತ ಹೇಳುವ ಭೌಗೋಳಿಕ ಗುರುತು, ಸಿಕ್ಕಿದೆಯಲ್ಲ ಅಂತ ನೀವು ಕೇಳಬಹುದು. ಸಿಕ್ಕಿದೆ. 2019ರಲ್ಲಿ ಕೂರ್ಗ್ ಅರೇಬಿಕಾಕ್ಕೆ, ಅಂದರೆ ನಮ್ಮಲ್ಲಿ ಬೆಳೆಯುವ ಅರೇಬಿಕಾ ಜಾತಿಯ ಕಾಫಿಗೆ, ಸಿಕ್ಕಿತು. ಕಿತ್ತಳೆಗೆ, ಏಲಕ್ಕಿಗೆ ಅದಕ್ಕೂ ಎಷ್ಟೋ ಮೊದಲೇ ಸಿಕ್ಕಿತ್ತು.

ಜಿಐ ಅಂದರೆ ಪೇಟೆಂಟ್, ಕಾಪಿರೈಟ್‌ಗಳ ಥರ ಅಲ್ಲ. ಪೇಟೆಂಟ್ 20 ವರ್ಷಕ್ಕೆ ಮುಗಿಯುತ್ತದೆ. ಪುಸ್ತಕದ ಕಾಪಿರೈಟ್ ಬರೆದವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಎರಡನ್ನೂ ಮಾರಬಹುದು. ಜಿಐ ಹಾಗಲ್ಲ. 10 ವರ್ಷಕ್ಕೊಮ್ಮೆ ನವೀಕರಿಸಿದರೆ ಎಷ್ಟು ಕಾಲವಾದರೂ ಉಳಿಯುತ್ತದೆ. ಅದನ್ನು ಮಾರುವ ಹಾಗಿಲ್ಲ, ಅಡವಿಡುವ ಹಾಗಿಲ್ಲ. ಹಕ್ಕು ಪಡೆದವರು ತೀರಿಕೊಂಡರೆ ವಾರಸುದಾರರಿಗೆ ಹೋಗುತ್ತದೆ. ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ತಲೆಮಾರುಗಳಿಂದ ಬಂದ ನಮ್ಮ ಜಮ್ಮಾ ಜಾಗ. ಅದೂ ಒಕ್ಕಕ್ಕೆ, ಅಂದರೆ ಇಡೀ ಮನೆತನಕ್ಕೆ, ಸೇರಿದ್ದು. ಯಾರೋ ಒಬ್ಬರು ಮನಸ್ಸಿಗೆ ಬಂದಂತೆ ಮಾರುವ ಹಾಗಿರಲಿಲ್ಲ.

ಆದರೆ ಟ್ಯಾಗ್ ಬಂದ ಮಾತ್ರಕ್ಕೆ ಬೆಳೆಗಾರನ ಕೈಗೆ ಹಕ್ಕು ಬರುವುದಿಲ್ಲ. ಚೆನ್ನೈಯ ಜಿಐ ನೋಂದಣಿ ಕಚೇರಿಯಲ್ಲಿ ನಾವು ಒಬ್ಬೊಬ್ಬರೂ 'ಅಧಿಕೃತ ಬಳಕೆದಾರ' ಅಂತ ಹೆಸರು ಬರೆಸಬೇಕು. ಆಗಲೇ ಆ ಹೆಸರು ಹಾಕಿ ಮಾರುವ ಹಕ್ಕು, ಬೇರೆಯವರು ಸುಳ್ಳು ಹೆಸರಲ್ಲಿ ಮಾರಿದರೆ ಕೋರ್ಟಿಗೆ ಹೋಗುವ ಹಕ್ಕು. ಸುಮ್ನೆ ಕೂತರೆ ಟ್ಯಾಗ್ ಬರೀ ಕಾಗದ.

ಇನ್ನೊಂದು ಕೊರತೆಯೂ ಇದೆ. ಕೊಡಗಿನಲ್ಲಿ ಜಾಸ್ತಿ ಬೆಳೆಯುವುದು ರೋಬಸ್ಟಾ ಅನ್ನುವ ಇನ್ನೊಂದು ಜಾತಿಯ ಕಾಫಿ. ಟ್ಯಾಗ್ ಇರುವುದು ಅರೇಬಿಕಾಕ್ಕೆ. ಅದೇ ವರ್ಷ ಪಕ್ಕದ ವಯನಾಡಿನ ರೋಬಸ್ಟಾಕ್ಕೆ ಟ್ಯಾಗ್ ಸಿಕ್ಕಿತು. ರೋಬಸ್ಟಾ ಬೆಳೆಯುವ ವಿರಾಜಪೇಟೆ ಕಡೆಯವರು ನಮ್ಮ ರೋಬಸ್ಟಾಕ್ಕೂ ಟ್ಯಾಗ್ ಬೇಕು ಅಂತ ಗಟ್ಟಿಯಾಗಿ ಕೇಳಬೇಕು.

ಕಿತ್ತಳೆಯ ಕಥೆ ನೆನೆದರೆ ಹೊಟ್ಟೆ ಉರಿಯುತ್ತದೆ. ಸಡಿಲ ಸಿಪ್ಪೆ, ಹುಳಿ-ಸಿಹಿ ಬೆರೆತ ರುಚಿ. ಕಾಫಿ ಗಿಡಗಳ ನಡುವೆ ಎಷ್ಟೊಂದು ಮರಗಳಿದ್ದವು! ಗ್ರೀನಿಂಗ್ ರೋಗ ಬಂದು ಒಣಗಿದವು. ಹೆಸರಿಗೆ ರಕ್ಷಣೆ ಬರುವ ಹೊತ್ತಿಗೆ ತೋಟದಲ್ಲಿ ಹಣ್ಣೇ ಅಪರೂಪ. ಈಗ ಹೊರಗಿನ ಹಣ್ಣು ನಮ್ಮ ಹೆಸರಲ್ಲಿ ರಸ್ತೆ ಬದಿ ಮಾರಾಟವಾಗುತ್ತದೆ. ಕಾಫಿಗೂ ಆ ಗತಿ ಬರಬಾರದು.

ಅರ್ಜಿ ಹಾಕಲು ಹೊರಟರೆ ದಾಖಲೆಯ ತೊಡಕು. ಎಷ್ಟೋ ಮನೆಗಳಲ್ಲಿ ಆರ್‌ಟಿಸಿ (ಪಹಣಿ) ಇನ್ನೂ ಹಿಂದಿನ ಪಟ್ಟೇದಾರರ, ಅಂದರೆ ಒಕ್ಕದ ಯಜಮಾನರ, ಹೆಸರಲ್ಲೇ ಇದೆ. ಆದರೆ ಜಿಐ ಕಾನೂನು ಹಕ್ಕು ಕೊಡುವುದು ಬೆಳೆಯುವವರಿಗೆ. ಹಾಗಾಗಿ ಕಾಫಿ ಬೋರ್ಡಿನವರು ಊರೂರಿಗೆ ಬಂದು, ತೋಟ ನೋಡಿ, ಅರ್ಜಿ ಬರೆಸಿಕೊಳ್ಳಲಿ ಅನ್ನುವುದು ನನ್ನ ಕೋರಿಕೆ.

ನಮ್ಮೂರಲ್ಲಿ ಏಳೆಂಟು ಮನೆಯವರು ಒಟ್ಟಿಗೆ ಅರ್ಜಿ ಹಾಕುವುದು ಅಂತ ಮಾತಾಗಿದೆ. ಅರೇಬಿಕಾ ಹಣ್ಣಾಗುವುದರೊಳಗೆ ಕಾಗದಪತ್ರ ಸೇರಿಸಬೇಕು. ನೀವೂ ಅಕ್ಕಪಕ್ಕದವರ ಹತ್ತಿರ ಮಾತಾಡಿ. ನಮಸ್ಕಾರ.